ನಿಮಗಿದು ಗೊತ್ತೇ? ಹೆಲ್ಮೆಟ್ ಇದ್ದ ಮಾತ್ರಕ್ಕೆ ತಲೆ ಉಳಿಯದು!

ಅಮೆರಿಕನ್ನರು 'ಫುಟ್‌ಬಾಲ್' ಎನ್ನುವುದು ನಮ್ಮ ಕಾಲ್ಚೆಂಡನ್ನಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಒಬ್ಬ ಓಡುತ್ತಾನೆ, ಎದುರಾಳಿಗಳು ಮೇಲೆಬಿದ್ದು ಅವನನ್ನು ಕೆಡವುತ್ತಾರೆ. ಹಾಗೆ ಕೆಡವುವುದಕ್ಕೆ 'ಟ್ಯಾಕಲ್' ಎಂದು ಹೆಸರು. ಐದಾರು ವರ್ಷದ ಮಕ್ಕಳೂ ಹೆಲ್ಮೆಟ್ ತೊಟ್ಟು ಇದನ್ನು ಆಡುತ್ತಾರೆ. ಟೆಕ್ಸಾಸಿನಲ್ಲೋ ನ್ಯೂಜೆರ್ಸಿಯಲ್ಲೋ ನೆಲೆಸಿದ ಕನ್ನಡದ ಮನೆಯಲ್ಲಿ ಮಗ "ನಾನೂ ಟೀಮ್ ಸೇರ್ತೀನಿ" ಅಂದರೆ ಅಮ್ಮನ ಎದೆ ಧಸಕ್ಕೆನ್ನುವುದು ಸಹಜ. ಈ ಆಟದಲ್ಲಿ ಮಕ್ಕಳ ಮೈಕೈ ಕಾಪಾಡಲು ನೂರಮೂವತ್ತು ವರ್ಷಗಳಿಂದ ಏನೇನು ನಡೆದಿದೆ? ಚುಟುಕಾಗಿ ನೋಡೋಣ ಬನ್ನಿ.

ಆಟವೇ ನಿಂತುಹೋಗಬೇಕಿತ್ತು!

1. 1905ರ ಒಂದೇ ಋತುವಿನಲ್ಲಿ ಕನಿಷ್ಠ 18 ಆಟಗಾರರು ಸತ್ತರೆಂದು ಪತ್ರಿಕೆಗಳು ಲೆಕ್ಕ ಕೊಟ್ಟವು. ಆ ಋತುವಿನ ನಡುವೆಯೇ, ಅಕ್ಟೋಬರ್ 9ರಂದು, ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ತಂಡಗಳವರನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ಸುಧಾರಿಸಿ ಎಂದು ಹೇಳಿದ್ದರು.

2. ಈ ಆಟದ ಅತಿ ರೋಚಕ ಕ್ಷಣ ಯಾವುದು? ಚೆಂಡನ್ನು ಮುಂದಕ್ಕೆ ಎಸೆಯುವ 'ಫಾರ್ವರ್ಡ್ ಪಾಸ್'. ಅದು 1906ರಲ್ಲಿ ನಿಯಮದೊಳಗೆ ಬಂದದ್ದು ರೋಚಕತೆಗಾಗಿ ಅಲ್ಲ, ಸುರಕ್ಷತೆಗಾಗಿ! ಚೆಂಡು ದೂರ ಹಾರಿದರೆ ಆಟಗಾರರೂ ಚದುರುತ್ತಾರೆ, ಒಂದೇ ಕಡೆ ಗುಂಪುಗೂಡಿ ತುಳಿದಾಡುವುದು ತಪ್ಪುತ್ತದೆ ಎಂಬುದು ಲೆಕ್ಕಾಚಾರ.

3. 1892ರಲ್ಲಿ ಹಾರ್ವರ್ಡ್ ತಂಡ ಹೊಸ ವ್ಯೂಹವೊಂದನ್ನು ಹೂಡಿತು. ಆಟಗಾರರು ದೂರದಿಂದ ಓಡಿಬಂದು ಬಾಣದ ತುದಿಯಂತೆ ಒಂದುಗೂಡಿ ಒಬ್ಬನೇ ಎದುರಾಳಿಯ ಮೇಲೆ ನುಗ್ಗುವುದು. ಎಷ್ಟು ಭೀಕರವಾಗಿತ್ತೆಂದರೆ 1894ರಲ್ಲೇ ನಿಷೇಧವಾಯಿತು.

4. ಅಮೆರಿಕದ ಮಕ್ಕಳ ಫುಟ್‌ಬಾಲಿನ ದೊಡ್ಡ ಸಂಸ್ಥೆ ಪಾಪ್ ವಾರ್ನರ್. ಅದು ಹುಟ್ಟಿದ್ದು ಒಡೆದ ಗಾಜಿನಿಂದ! ಫಿಲಡೆಲ್ಫಿಯಾದ ಕಾರ್ಖಾನೆಯೊಂದರ ಕಿಟಕಿಗಳಿಗೆ ಪುಂಡ ಹುಡುಗರು ಕಲ್ಲು ಹೊಡೆಯುತ್ತಿದ್ದರು. 'ಇವರಿಗೊಂದು ಆಟ ಹಚ್ಚೋಣ' ಎಂದು ಜೋ ಟಾಮ್ಲಿನ್ ಎಂಬವರು 1929ರಲ್ಲಿ ಲೀಗ್ ಆರಂಭಿಸಿದರು.

5. ಈ ಆಟದಲ್ಲಿ ಆಗುವ ಸಾವುಗಳನ್ನು 1931ರಿಂದ ಎಣಿಸುತ್ತ ಬಂದಿದ್ದಾರೆ. ಯಾವ ಪೆಟ್ಟಿನಿಂದ ಸಾವು ಬಂತು ಎಂಬ ಆ ದಾಖಲೆಯೇ ಮುಂದಿನ ಹಲವು ನಿಯಮಗಳಿಗೆ ತಳಪಾಯ.

ಹೆಲ್ಮೆಟ್ಟಿನ ಒಳಗುಟ್ಟು

6. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಹೆಲ್ಮೆಟ್ ಕಡ್ಡಾಯವಾದದ್ದು 1943ರಲ್ಲಿ. ಅದಕ್ಕೆ ಮೊದಲು ಬರಿದಲೆಯಲ್ಲಿ ಆಡಿದವರೂ ಉಂಟು.

7. ಹೆಲ್ಮೆಟ್ ತಡೆಯುವುದು ಬುರುಡೆ ಒಡೆಯುವುದನ್ನು. ಒಳಗಿನ ಮಿದುಳು ಅಲುಗುವುದನ್ನು ಅದು ಪೂರ್ತಿ ತಡೆಯಲಾರದು. ಬಸ್ಸು ಗಕ್ಕನೆ ಬ್ರೇಕ್ ಹಾಕಿದಾಗ ನಿಂತವರೆಲ್ಲ ಮುಗ್ಗರಿಸುತ್ತಾರಲ್ಲ? ಬಸ್ಸಿನ ತಗಡು ಎಷ್ಟು ಗಟ್ಟಿಯಿದ್ದರೂ ಮುಗ್ಗರಿಸುವುದು ತಪ್ಪದು. ಮಿದುಳಿನ ಪಾಡೂ ಅಷ್ಟೇ. ಹೀಗೆ ಮಿದುಳು ಅಲುಗಿ ಆಗುವ ಪೆಟ್ಟಿಗೇ 'ಕನ್ಕಷನ್' ಎಂದು ಹೆಸರು. 'ಕನ್ಕಷನ್ ಆಗದ ಹೆಲ್ಮೆಟ್' ಎಂಬುದು ಯಾವ ಅಂಗಡಿಯಲ್ಲೂ ಸಿಗದು.

8. ಹೆಲ್ಮೆಟ್ ಗಟ್ಟಿಯಾದಂತೆ ಸಾವು ಕಡಿಮೆಯಾಯಿತೇ? ಇಲ್ಲ, ಒಂದು ಕಾಲಕ್ಕೆ ಉಲ್ಟಾ ಆಯಿತು! ತಲೆಗೆ ರಕ್ಷಣೆಯಿದೆ ಎಂಬ ಧೈರ್ಯದಲ್ಲಿ ಆಟಗಾರರು ಟಗರಿನಂತೆ ತಲೆಯಿಂದಲೇ ಗುದ್ದತೊಡಗಿದರು. 1968ರಲ್ಲಿ ಆಟದ ಪೆಟ್ಟಿನಿಂದಲೇ 36 ಮಂದಿ ಸತ್ತರು.

9. 1976ರಲ್ಲಿ ಶಾಲೆ, ಕಾಲೇಜು ಎರಡೂ ಹಂತಗಳಲ್ಲಿ ತಲೆಯಿಂದ ಮೊದಲು ಗುದ್ದುವುದಕ್ಕೆ ನಿಷೇಧ ಬಂತು. ಅಲ್ಲಿಂದ ಅಂಕಿ ಇಳಿಯತೊಡಗಿತು. 1990ರಲ್ಲಿ ಪೆಟ್ಟಿನಿಂದಾದ ಸಾವು ಸೊನ್ನೆ! ಲೆಕ್ಕ ಇಡಲು ಶುರುಮಾಡಿದ ಮೇಲೆ ಅಂಥ ವರ್ಷ ಬಂದದ್ದು ಅದೇ ಮೊದಲು.

10. ತಲೆ ತಗ್ಗಿಸಿ ಗುದ್ದಿದರೆ ಕುತ್ತಿಗೆ ಮುರಿಯುವುದೇಕೆ? ತಲೆಯೆತ್ತಿ ನಿಂತಾಗ ಕುತ್ತಿಗೆಯ ಮೂಳೆಸಾಲು ಬಿಲ್ಲಿನಂತೆ ತುಸು ಬಾಗಿರುತ್ತದೆ. ಪೆಟ್ಟು ಬಿದ್ದರೆ ಬಳುಕಿ, ಸ್ನಾಯುಗಳಿಗೆ ಹಂಚುತ್ತದೆ. ತಲೆಯನ್ನು ಸುಮಾರು 30 ಡಿಗ್ರಿ ತಗ್ಗಿಸಿದರೆ ಆ ಬಾಗು ಮಾಯ, ಸಾಲು ನೆಟ್ಟಗಾಗುತ್ತದೆ. ಆಗ ನೆತ್ತಿಗೆ ಬಿದ್ದ ಗುದ್ದು ನೇರ ಮೂಳೆಗೇ. ಫಿಲಡೆಲ್ಫಿಯಾದ ಮೂಳೆವೈದ್ಯ ಜೋಸೆಫ್ ಟಾರ್ಗ್ ಇದನ್ನು ತೋರಿಸಿಕೊಟ್ಟರು. 'ಯಾರಿಗೆ ಗುದ್ದುತ್ತೀಯೋ ಅವನನ್ನು ಕಣ್ಣಲ್ಲಿ ನೋಡುತ್ತಿರು' ಎಂದು ಕೋಚ್‌ಗಳು ಬಡಕೊಳ್ಳುವುದು ಇದಕ್ಕೇ. ಕಣ್ಣು ಮೇಲಿದ್ದರೆ ಕುತ್ತಿಗೆ ಬಾಗಿರುತ್ತದೆ.

11. ಹೆಲ್ಮೆಟ್ ತಲೆಗೆ ಸರಿಹೊಂದಿದೆಯೇ? ನೀವೇ ನೋಡಬಹುದು. ಮುಂಭಾಗದ ಅಂಚು ಹುಬ್ಬಿನಿಂದ ಸುಮಾರು ಒಂದಂಗುಲ ಮೇಲಿರಬೇಕು. ಕಿವಿಯ ತೂತು ಕಿವಿಗೆ ನೇರ ಬರಬೇಕು. ಗಲ್ಲದ ಪಟ್ಟಿಯ ನಾಲ್ಕೂ ಗುಂಡಿ ಹಾಕಿ, ಮುಖದ ಜಾಲರಿ ಹಿಡಿದು ಆಚೀಚೆ ತಿರುಗಿಸಿ. ಹೆಲ್ಮೆಟ್ ಜೊತೆಗೆ ಹಣೆಯ ಚರ್ಮವೂ ಎಳೆದುಕೊಂಡು ಬಂದರೆ ಸರಿ. ಹೆಲ್ಮೆಟ್ ಮಾತ್ರ ಜಾರಿದರೆ ದೊಡ್ಡದಾಯಿತು. 'ಮುಂದಿನ ವರ್ಷಕ್ಕೂ ಆಗಲಿ' ಎಂದು ಒಂದು ಅಳತೆ ದೊಡ್ಡದು ಕೊಳ್ಳುವ ನಮ್ಮ ಯೂನಿಫಾರಂ ಬುದ್ಧಿ ಇಲ್ಲಿ ಬೇಡ.

12. ಕ್ಷೌರ ಮಾಡಿಸಿದರೂ ಅಳತೆ ಬದಲಾಗುತ್ತದೆ! ಗುಂಗುರು ಕೂದಲಿದ್ದಾಗ ಬಿಗಿಯಾಗಿದ್ದ ಹೆಲ್ಮೆಟ್ ತಲೆ ಬೋಳಿಸಿದ ಮೇಲೆ ಸಡಿಲ.

13. ಹೆಲ್ಮೆಟ್ಟಿಗೂ ಆಯಸ್ಸಿದೆ. ಅಮೆರಿಕದ ದುರಸ್ತಿದಾರರ ಸಂಘದವರು 10 ವರ್ಷ ದಾಟಿದ ಹೆಲ್ಮೆಟ್ಟನ್ನು ರಿಪೇರಿಗೆ ಮುಟ್ಟುವುದೇ ಇಲ್ಲ. ಅಣ್ಣ ತೊಟ್ಟದ್ದನ್ನು ತಮ್ಮನಿಗೆ ಕೊಡುವ ಮೊದಲು ಒಳಗಿನ ತಾರೀಕು ನೋಡಿ.

14. ಅಂದಕ್ಕೆಂದು ಕಂಡಕಂಡ ಬಣ್ಣ ಬಳಿಯಬೇಡಿ. ಕೆಲವು ರಾಸಾಯನಿಕಗಳು ಕಣ್ಣಿಗೆ ಕಾಣದಂತೆ ಪ್ಲಾಸ್ಟಿಕ್ಕಿನ ಗಟ್ಟಿತನವನ್ನು ತಿಂದುಹಾಕುತ್ತವೆ.

15. ಶಾಲಾ ಫುಟ್‌ಬಾಲಿನಲ್ಲಿ ಮೌತ್‌ಗಾರ್ಡ್ 1962ರಿಂದ ಕಡ್ಡಾಯ. ಹಲ್ಲು, ತುಟಿ, ನಾಲಗೆ ಉಳಿಸುವುದರಲ್ಲಿ ಅದು ಗಟ್ಟಿಗ. ಆದರೆ ಮಿದುಳಿನ ಕಾವಲು ಅದರ ಕೆಲಸವಲ್ಲ.

ಪೆಟ್ಟು ಕಾಣದು, ನೋವು ಹೇಳದು

16. 'ಕನ್ಕಷನ್' ಪದ ಕ್ರಿಕೆಟ್ ನೋಡುವವರಿಗೆ ಹೊಸದಲ್ಲ. 2020ರ ಡಿಸೆಂಬರಿನಲ್ಲಿ ಕ್ಯಾನ್‌ಬೆರಾದಲ್ಲಿ ಜಡೇಜಾ ಹೆಲ್ಮೆಟ್ಟಿಗೆ ಚೆಂಡು ಬಡಿದು, ಬದಲಿಗೆ ಬಂದ ಚಹಲ್ ಮೂರು ವಿಕೆಟ್ ಕಿತ್ತದ್ದು ನೆನಪಿದೆಯೇ? ಅಂಥ ಬದಲಿ ಆಟಗಾರನಿಗೆ ಅಂತರರಾಷ್ಟ್ರೀಯ ಕ್ರಿಕೆಟ್ ಒಪ್ಪಿದ್ದು 2019ರಲ್ಲಿ.

17. ಕನ್ಕಷನ್ ಆದವರು ಮೂರ್ಛೆ ಹೋಗುತ್ತಾರೆಂಬುದು ತಪ್ಪು ಕಲ್ಪನೆ. ಹತ್ತರಲ್ಲಿ ಸುಮಾರು ಒಂಬತ್ತು ಸಲ ಪ್ರಜ್ಞೆ ತಪ್ಪುವುದೇ ಇಲ್ಲ.

18. ಸಿಟಿ ಸ್ಕ್ಯಾನಿನಲ್ಲಿ ಕನ್ಕಷನ್ ಸಾಮಾನ್ಯವಾಗಿ ಕಾಣದು. ರಕ್ತಸ್ರಾವ, ಬಿರುಕು ಇವೆಯೇ ಎಂದು ನೋಡಲು ಮಾತ್ರ ಅದು. 'ಸ್ಕ್ಯಾನ್ ನಾರ್ಮಲ್, ನಾಳೆ ಆಡಲಿ' ಎನ್ನುವಂತಿಲ್ಲ.

19. ಹಾಗಾದರೆ ತಿಳಿಯುವುದು ಹೇಗೆ? ಮಗು ಪಿಳಿಪಿಳಿ ನೋಡುತ್ತದೆ, ಕೇಳಿದ್ದನ್ನೇ ಕೇಳುತ್ತದೆ, ಸ್ಕೋರ್ ಮರೆತಿರುತ್ತದೆ, ಬೆಳಕು ಕಂಡರೆ ಕಣ್ಣು ಕಿರಿದು ಮಾಡುತ್ತದೆ, ಸುಮ್ಮಸುಮ್ಮನೆ ರೇಗುತ್ತದೆ. ಪದೇಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಫಿಟ್ಸ್, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದು - ಇವುಗಳಲ್ಲಿ ಒಂದು ಕಂಡರೂ ಸೀದಾ ಆಸ್ಪತ್ರೆಗೆ.

20. ಮೊದಲ ಪೆಟ್ಟು ಮಾಯುವ ಮುನ್ನ ಇನ್ನೊಂದು ಬಿದ್ದರೆ, ಅದು ಸಣ್ಣದಾದರೂ, ಮಿದುಳು ದಿಢೀರನೆ ಊದಿಕೊಳ್ಳಬಹುದು. ಇದು ತೀರಾ ಅಪರೂಪ, ಆದರೆ ಪ್ರಾಣಾಂತಿಕ. ಬಲಿಯಾದವರಲ್ಲಿ ಹೆಚ್ಚಿನವರು ಎಳೆಯರೇ.

21. 2006ರಲ್ಲಿ ವಾಷಿಂಗ್ಟನ್ ರಾಜ್ಯದ 13ರ ಹುಡುಗ ಝಾಕರಿ ಲೈಸ್ಟೆಟ್‌ನ ತಲೆ ನೆಲಕ್ಕೆ ಬಡಿಯಿತು. ತುಸು ಹೊತ್ತು ಕೂತು, ಮತ್ತೆ ಕಣಕ್ಕಿಳಿದು ಕೊನೆಯವರೆಗೂ ಆಡಿದ. ಆಟ ಮುಗಿಯುತ್ತಲೇ ಕುಸಿದ. ಒತ್ತಡ ಇಳಿಸಲು ವೈದ್ಯರು ಬುರುಡೆಯ ಎರಡೂ ಪಕ್ಕ ತೆರೆಯಬೇಕಾಯಿತು. ಮೊದಲ ಮಾತು ಹೊರಬರಲು 9 ತಿಂಗಳು, ಒಂದು ಕೈಯೋ ಕಾಲೋ ಆಡಿಸಲು 13 ತಿಂಗಳು.

22. ಅವನ ಹೆಸರಿನ ಕಾನೂನಿಗೆ 2009ರ ಮೇ ತಿಂಗಳಲ್ಲಿ ಸಹಿ ಬಿತ್ತು. ಸಾರಾಂಶ ಮೂರೇ ಮಾತು: ಎಲ್ಲರಿಗೂ ತಿಳಿಸಿ, ಅನುಮಾನ ಬಂದರೆ ಕೂಡಲೇ ಹೊರಗೆ ಕೂರಿಸಿ, ವೈದ್ಯರು ಬರೆದುಕೊಡದೆ ಒಳಗೆ ಬಿಡಬೇಡಿ. 2014ರ ಹೊತ್ತಿಗೆ 50 ರಾಜ್ಯಗಳಲ್ಲೂ ಇಂಥ ಕಾನೂನು ಬಂದಿತ್ತು.

23. ಮರಳಿ ಆಡಲು ಆರು ಮೆಟ್ಟಿಲು. ದಿನನಿತ್ಯದ ಚಟುವಟಿಕೆ, ಹಗುರ ವ್ಯಾಯಾಮ, ಒಬ್ಬನೇ ಓಡಾಡುವ ಅಭ್ಯಾಸ, ಡಿಕ್ಕಿಯಿಲ್ಲದ ತಾಲೀಮು, ಪೂರ್ಣ ತಾಲೀಮು, ಕೊನೆಗೆ ಪಂದ್ಯ. ಪ್ರತಿ ಮೆಟ್ಟಿಲಿಗೆ ಕನಿಷ್ಠ 24 ಗಂಟೆ. ಪಾಠಕ್ಕೆ ಮರಳಿದ ಮೇಲೆಯೇ ಪಂದ್ಯಕ್ಕೆ.

24. ಕತ್ತಲಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಪದ್ಧತಿ ಹಳತಾಯಿತು. ಒಂದೆರಡು ದಿನ ಹಗುರ ವಿಶ್ರಾಂತಿ, ಆಮೇಲೆ ಮೆಲ್ಲನೆ ನಡಿಗೆ. ಗಂಟೆಗೊಮ್ಮೆ ಎಬ್ಬಿಸಬೇಕೆಂಬುದೂ ಹಾಗೆಯೇ. ವೈದ್ಯರು ನೋಡಿ ಅಪಾಯವಿಲ್ಲ ಎಂದ ಮೇಲೆ ಮಗು ನಿದ್ದೆ ಮಾಡಲಿ.

25. ವರ್ಷಗಟ್ಟಲೆ ತಿಂದ ಪೆಟ್ಟುಗಳಿಂದ ಬರುವ ಮಿದುಳಿನ ಸವೆತಕ್ಕೆ ಸಿಟಿಇ ಎಂದು ಹೆಸರು. ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು 2002ರಲ್ಲಿ ಮಾಜಿ ಆಟಗಾರ ಮೈಕ್ ವೆಬ್‌ಸ್ಟರ್ ಅವರ ಮಿದುಳಿನಲ್ಲಿ ಇದನ್ನು ಕಂಡರು. ಖಚಿತವಾಗಿ ಪತ್ತೆಹಚ್ಚುವುದು ಇಂದಿಗೂ ಸತ್ತ ನಂತರವೇ. ಹಾಗಾಗಿ ಎಳವೆಯಲ್ಲೇ ಪೆಟ್ಟಿನ ಸಂಖ್ಯೆ ತಗ್ಗಿಸುವುದೊಂದೇ ದಾರಿ.

ಪಂದ್ಯಕ್ಕಿಂತ ಅಭ್ಯಾಸವೇ ಜೋರು

26. ವರ್ಜೀನಿಯಾ ಟೆಕ್ ಸಂಶೋಧಕರು 7-8 ವರ್ಷದ ಏಳು ಹುಡುಗರ ಹೆಲ್ಮೆಟ್ಟಿಗೆ ಸೆನ್ಸರ್ ಕೂರಿಸಿದರು. ಒಂದು ಋತುವಿನಲ್ಲಿ ಒಬ್ಬೊಬ್ಬನ ತಲೆಗೆ ಸರಾಸರಿ 107 ಪೆಟ್ಟು! ಜೋರಾದ ಪೆಟ್ಟುಗಳಲ್ಲಿ ಹೆಚ್ಚಿನವು ಬಿದ್ದದ್ದು ಪಂದ್ಯದಲ್ಲಲ್ಲ, ಅಭ್ಯಾಸದಲ್ಲಿ. ಫಲಿತಾಂಶ ಪ್ರಕಟವಾದದ್ದು 2012ರಲ್ಲಿ.

27. ಅದೇ ವರ್ಷ ಪಾಪ್ ವಾರ್ನರ್ ನಿಯಮ ಬದಲಿಸಿತು. ಡಿಕ್ಕಿಯ ತಾಲೀಮು ಒಟ್ಟು ಅಭ್ಯಾಸದ ಮೂರನೇ ಒಂದು ಭಾಗ ಮೀರಕೂಡದು ಎಂದಿತು. ಮೂರು ಗಜಕ್ಕಿಂತ ದೂರದಿಂದ ಓಡಿಸಿ ಎದುರುಬದುರು ಗುದ್ದಿಸಕೂಡದು ಎಂದಿತು.

28. 2016ರಲ್ಲಿ ಪಾಪ್ ವಾರ್ನರ್ ಪುಟ್ಟ ಮಕ್ಕಳ ಮೂರು ವಿಭಾಗಗಳಿಂದ ಕಿಕ್‌ಆಫ್, ಅಂದರೆ ಚೆಂಡನ್ನು ಎದುರಾಳಿಗಳತ್ತ ದೂರಕ್ಕೆ ಒದ್ದು ಆಟ ಶುರುಮಾಡುವುದನ್ನು, ತೆಗೆದೇಬಿಟ್ಟಿತು. ಎರಡೂ ಕಡೆಯವರು ದೂರದಿಂದ ಪೂರ್ತಿ ವೇಗದಲ್ಲಿ ಓಡಿಬಂದು ಡಿಕ್ಕಿ ಹೊಡೆಯುವುದು ಅಲ್ಲೇ ತಾನೇ? 2019ರಲ್ಲಿ ಒಂದು ಕೈ ನೆಲಕ್ಕೂರಿ ತಲೆ ಮುಂದೆ ಚಾಚಿ ನಿಲ್ಲುವ ಭಂಗಿಯೂ ಹೋಯಿತು. ಈಗ ಆ ಚಿಕ್ಕವರು ತಲೆಯೆತ್ತಿಯೇ ಆಟ ಶುರುಮಾಡುತ್ತಾರೆ.

29. ಐದೇ ಗಜದ ವ್ಯತ್ಯಾಸ ಏನು ಮಾಡೀತು? 2016ರಲ್ಲಿ ಐವಿ ಲೀಗ್ ಕಾಲೇಜುಗಳು ಕಿಕ್‌ಆಫ್ ಗೆರೆಯನ್ನು 35ರಿಂದ 40 ಗಜಕ್ಕೆ ಸರಿಸಿದವು. ಚೆಂಡು ಹೆಚ್ಚಾಗಿ ಗಡಿಯಾಚೆ ಬೀಳತೊಡಗಿ, ಹಿಡಿದು ಓಡುವುದೇ ಕಡಿಮೆಯಾಯಿತು. ಸಾವಿರ ಕಿಕ್‌ಆಫ್‌ಗೆ 10.93 ಇದ್ದ ಕನ್ಕಷನ್ 2.04ಕ್ಕೆ ಇಳಿಯಿತು. ಖರ್ಚಾದದ್ದು ಒಂದಿಷ್ಟು ಸುಣ್ಣ!

30. ವಿಸ್ಕಾನ್ಸಿನ್ ರಾಜ್ಯ 2014ರಲ್ಲಿ ಹೈಸ್ಕೂಲು ತಂಡಗಳ ಡಿಕ್ಕಿ ತಾಲೀಮಿಗೆ ಕಡಿವಾಣ ಹಾಕಿತು. ಅಭ್ಯಾಸದಲ್ಲಾಗುವ ಕನ್ಕಷನ್ ಅರ್ಧಕ್ಕಿಂತ ಕೆಳಗಿಳಿಯಿತು.

31. ಕ್ಯಾಲಿಫೋರ್ನಿಯಾದಲ್ಲಿ 2021ರಿಂದ ಮಕ್ಕಳ ತಂಡಗಳಿಗೆ ವಾರಕ್ಕೆ ಎರಡೇ ದಿನ, ದಿನಕ್ಕೆ 30 ನಿಮಿಷ ಮಾತ್ರ ಪೂರ್ಣ ಡಿಕ್ಕಿಯ ಅಭ್ಯಾಸ. ಅದಕ್ಕಿಂತ ಹೆಚ್ಚಾದರೆ ಕಾನೂನು ಮುರಿದಂತೆ.

32. ಡಾರ್ಟ್‌ಮತ್ ಕಾಲೇಜಿನ ಕೋಚ್ ಬಡ್ಡಿ ಟೀವೆನ್ಸ್ 2010ರಲ್ಲಿ, ಅಭ್ಯಾಸದಲ್ಲಿ ಜೊತೆಗಾರನನ್ನು ಕೆಡವುವುದನ್ನೇ ನಿಲ್ಲಿಸಿದರು. ಬದಲಿಗೆ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಓಡಾಡುವ ರೋಬಾಟ್ ಗೊಂಬೆ ಮಾಡಿಕೊಟ್ಟರು. ಕೆಡವಿದರೆ ತಾನೇ ಎದ್ದು ನಿಲ್ಲುತ್ತದೆ! 'ಹೀಗಾದರೆ ತಂಡ ಮೆತ್ತಗಾಗುತ್ತದೆ' ಎಂದವರಿಗೆ ಉತ್ತರ ಸಿಕ್ಕಿದ್ದು 2015ರಲ್ಲಿ. ಡಾರ್ಟ್‌ಮತ್ ಐವಿ ಲೀಗ್ ಪ್ರಶಸ್ತಿ ಹಂಚಿಕೊಂಡಿತು. ಮರುವರ್ಷ ಇಡೀ ಲೀಗೇ ಋತುವಿನ ಅಭ್ಯಾಸದಲ್ಲಿ ಟ್ಯಾಕಲ್ ಕೈಬಿಟ್ಟಿತು.

33. ಇಬ್ಬರನ್ನು ಇಕ್ಕಟ್ಟಿನಲ್ಲಿ ಎದುರುಬದುರು ನಿಲ್ಲಿಸಿ ಗುದ್ದಾಡಿಸುವ 'ಒಕ್ಲಹೋಮ ಡ್ರಿಲ್' ಒಂದು ಕಾಲದ ಗಂಡಸ್ತಿಕೆಯ ಪರೀಕ್ಷೆ. 2019ರಲ್ಲಿ ಎನ್‌ಎಫ್‌ಎಲ್ಲೇ ಅದನ್ನು ಕಿತ್ತೊಗೆಯಿತು.

34. ಸುರಕ್ಷಿತವಾಗಿ ಕೆಡವಲು ಯಾರಿಂದ ಕಲಿತರು? ಹೆಲ್ಮೆಟ್ಟೇ ಇಲ್ಲದ ರಗ್ಬಿಯವರಿಂದ! ತಲೆ ಪಕ್ಕಕ್ಕೆ, ಭುಜ ತೊಡೆಗೆ, ಎರಡೂ ತೋಳು ಕಾಲ ಸುತ್ತ. ಸಿಯಾಟಲ್ ತಂಡದ ಕೋಚ್ ಪೀಟ್ ಕ್ಯಾರಲ್ 2014ರಲ್ಲಿ ವಿಡಿಯೊ ಮಾಡಿ ಹಂಚಿದರು.

ಬಿಸಿಲೇ ಎದುರಾಳಿ

35. 2001ರ ಆಗಸ್ಟ್ 1ರಂದು ಮಿನೆಸೋಟ ವೈಕಿಂಗ್ಸ್‌ನ ದೈತ್ಯ ಆಟಗಾರ ಕೋರಿ ಸ್ಟ್ರಿಂಗರ್ ಅಭ್ಯಾಸ ಶಿಬಿರದಲ್ಲಿ ತಗುಲಿದ ಹೀಟ್ ಸ್ಟ್ರೋಕ್‌ನಿಂದ ತೀರಿಕೊಂಡರು. ಅವರ ಹೆಸರಿನ ಸಂಸ್ಥೆ 2010ರಿಂದ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ಇಂಥ ಸಾವುಗಳನ್ನು ತಡೆಯುವ ಕೆಲಸ ಮಾಡುತ್ತಿದೆ.

36. ಅಪಾಯ ಹೆಚ್ಚಿರುವುದು ಬೇಸಿಗೆಯ ಬಿಡುವಿನ ನಂತರ ಅಭ್ಯಾಸ ಶುರುವಾದ ಮೊದಲ ದಿನಗಳಲ್ಲಿ. ಮೈ ಬಿಸಿಲಿಗೆ ಒಗ್ಗಲು ಎರಡು ವಾರ ಬೇಕು. ಅದಕ್ಕೇ ಮೆಟ್ಟಿಲು ಕಟ್ಟಿದ್ದಾರೆ. ಮೊದಲ ಎರಡು ದಿನ ಬರೀ ಹೆಲ್ಮೆಟ್. ಮೂರರಿಂದ ಐದನೇ ದಿನ ಭುಜಗವಚವೂ ಸೇರಲಿ. ಆರನೇ ದಿನದಿಂದ ಪೂರ್ತಿ ವೇಷ.

37. ಥರ್ಮಾಮೀಟರಿನ ಅಂಕಿಯೊಂದೇ ಸಾಲದು. ರಾಯಚೂರಿನ ಬಿಸಿಲು ಬೇರೆ, ಮಂಗಳೂರಿನ ಸೆಕೆ ಬೇರೆ ಎಂದು ನಮಗೆ ಗೊತ್ತಿಲ್ಲವೇ? ಬೆವರು ಆರದಿದ್ದರೆ ಮೈ ತಣಿಯದು. ಹಾಗಾಗಿ ಮೈದಾನದಲ್ಲಿ ಬಳಸುವ ಅಳತೆಯಲ್ಲಿ ಒದ್ದೆಬಟ್ಟೆ ಸುತ್ತಿದ ಮಾಪಕಕ್ಕೆ 70, ಬಿಸಿಲು ಹೀರುವ ಕಪ್ಪುಗೋಳಕ್ಕೆ 20, ಸಾದಾ ಮಾಪಕಕ್ಕೆ ಬರೀ 10 ಪಾಲು. ಜಾರ್ಜಿಯಾದ ಶಾಲೆಗಳಲ್ಲಿ 2012ರಿಂದ ಈ ಅಂಕಿ 92 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 33 ಸೆಲ್ಸಿಯಸ್, ದಾಟಿದರೆ ಅಭ್ಯಾಸ ಬಂದ್.

38. ಹೀಟ್ ಸ್ಟ್ರೋಕ್ ಆದವನನ್ನು ಮೊದಲು ಆಸ್ಪತ್ರೆಗೆ ಒಯ್ಯಬೇಕೇ? ಬೇಡ! 'ಮೊದಲು ತಣಿಸು, ಆಮೇಲೆ ಸಾಗಿಸು' ಎಂಬುದು ಸೂತ್ರ. ದೊಡ್ಡ ಪ್ಲಾಸ್ಟಿಕ್ ತೊಟ್ಟಿ, ಅದರ ತುಂಬ ಐಸ್ ನೀರು. ಹೆಲ್ಮೆಟ್, ಕವಚ ಕಳಚಿ ಕತ್ತಿನವರೆಗೆ ಮುಳುಗಿಸಬೇಕು. ಕಂಕುಳ ಕೆಳಗೆ ಟವೆಲ್ ಹಾಯಿಸಿ ಒಬ್ಬ ಹಿಂದಿನಿಂದ ಹಿಡಿದಿರಬೇಕು, ತಲೆ ಮುಳುಗಬಾರದು. ಇನ್ನೊಬ್ಬ ನೀರು ಕಲಕುತ್ತಿರಬೇಕು. ನಿಂತ ನೀರು ಮೈಸುತ್ತ ಬೆಚ್ಚಗಾಗಿಬಿಡುತ್ತದೆ. ಅರ್ಧ ಗಂಟೆಯೊಳಗೆ ಮೈಯ ಒಳಬಿಸಿ 39 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಬದುಕುವ ಆಸೆ ಗಟ್ಟಿ.

39. ಹಿಂದೆ ನೀರು ಕೇಳುವುದೇ ಹೇಡಿತನ! 1954ರಲ್ಲಿ ಕೋಚ್ ಬೇರ್ ಬ್ರಯಂಟ್ ಟೆಕ್ಸಾಸಿನ ಜಂಕ್ಷನ್ ಎಂಬ ಊರಲ್ಲಿ ಬರಗಾಲದ ಬಿಸಿಲಿನಲ್ಲಿ ನೀರು ಕೊಡದೆ ಹತ್ತು ದಿನ ತಾಲೀಮು ನಡೆಸಿದರು. ಬಹುಪಾಲು ಹುಡುಗರು ಶಿಬಿರ ಬಿಟ್ಟು ಓಡಿದರು.

40. 'ನಮ್ಮ ಹುಡುಗರು ಆಟದ ವೇಳೆ ಮೂತ್ರಕ್ಕೇ ಹೋಗುವುದಿಲ್ಲವಲ್ಲ, ಏಕೆ?' ಫ್ಲಾರಿಡಾ ವಿಶ್ವವಿದ್ಯಾಲಯದ ಸಹಾಯಕ ಕೋಚ್ ಕೇಳಿದ ಈ ಪ್ರಶ್ನೆಯಿಂದಲೇ 1965ರಲ್ಲಿ ಡಾ. ರಾಬರ್ಟ್ ಕೇಡ್ ಗೇಟೊರೇಡ್ ಪಾನೀಯ ಮಾಡಿದರು. ಆದರೆ ಅತಿಯೂ ಬೇಡ. ಬಾಯಾರಿಕೆ ಮೀರಿ ಲೀಟರುಗಟ್ಟಲೆ ನೀರು ಸುರಿದುಕೊಂಡರೆ ರಕ್ತದ ಉಪ್ಪಿನಂಶ ಕುಸಿದು ಪ್ರಾಣಕ್ಕೇ ಸಂಚಕಾರ.

41. ಸಿಕಲ್ ಸೆಲ್ ಗುಣವನ್ನು ಮೈಯಲ್ಲಿ ಹೊತ್ತವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಬಿಡುವಿಲ್ಲದೆ ಓಡಿಸಿದರೆ ಅವರ ರಕ್ತಕಣಗಳು ಕುಡುಗೋಲಿನಂತೆ ಬಾಗಿ ಹರಿವನ್ನೇ ತಡೆಯಬಹುದು. 2010ರಿಂದ ಅಮೆರಿಕದ ಅಗ್ರ ಕಾಲೇಜು ತಂಡಗಳಲ್ಲಿ ಇದರ ಪರೀಕ್ಷೆಯಿದೆ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ ಈ ಗುಣ ಕಾಣುತ್ತದೆ. ಮದ್ದು ಸರಳ: ನಡುನಡುವೆ ವಿಶ್ರಾಂತಿ.

ಎದೆ, ಮೂಳೆ, ಚರ್ಮ

42. ಎದೆಗೆ ಬಿದ್ದ ಒಂದೇ ಗುದ್ದು, ಹೃದಯಬಡಿತದ ನಡುವಿನ ಸೆಕೆಂಡಿನ ನೂರನೇ ಒಂದೆರಡು ಪಾಲಿನ ಸಂದಿಯಲ್ಲಿ ಬಿದ್ದರೆ ಹೃದಯ ಲಯ ತಪ್ಪಿ ನಿಲ್ಲಬಹುದು. ಎದೆಗೂಡು ಮೃದುವಾಗಿರುವ ಹುಡುಗರಲ್ಲೇ ಇದು ಹೆಚ್ಚು. 2023ರ ಜನವರಿ 2ರಂದು ಸಿನ್ಸಿನಾಟಿಯಲ್ಲಿ ಎನ್‌ಎಫ್‌ಎಲ್ ಆಟಗಾರ ಡಮಾರ್ ಹ್ಯಾಮ್ಲಿನ್ ಹೀಗೇ ಕುಸಿದರು. ಮೈದಾನದಲ್ಲೇ ಎದೆ ಒತ್ತಿ, ಎಇಡಿ ಯಂತ್ರದಿಂದ ಶಾಕ್ ಕೊಟ್ಟು ಉಳಿಸಿದರು. ಅದೇ ವರ್ಷ ಮತ್ತೆ ಆಡಿದರು! ಶಾಕ್ ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಅವಕಾಶ ಶೇ 7ರಿಂದ 10 ಕುಗ್ಗುತ್ತದೆ. ನಿಮ್ಮ ಮಗು ಆಡುವ ಮೈದಾನದಲ್ಲಿ ಆ ಪೆಟ್ಟಿಗೆ ಎಲ್ಲಿದೆ, ಬೀಗ ಹಾಕಿದ್ದರೆ ಕೀ ಯಾರ ಕೈಲಿದೆ?

43. ಬೆಳೆಯುವ ಮಕ್ಕಳ ಮೂಳೆತುದಿಯಲ್ಲಿ ಮೆದುವಾದ ಬೆಳವಣಿಗೆಯ ಪಟ್ಟಿಯಿರುತ್ತದೆ. ಕೀಲು ಕಟ್ಟುವ ನಾರಿಗಿಂತ ಅದೇ ದುರ್ಬಲ. ದೊಡ್ಡವರಿಗೆ ಉಳುಕಾಗುವ ಕಡೆ ಮಕ್ಕಳಿಗೆ ಮೂಳೆಯೇ ಬಿರಿದಿರಬಹುದು. ಉಳುಕು ಎಂದು ನೀವಿ ತೀಡಿಸುವ ಮೊದಲು ಎಕ್ಸ್‌ರೇ ತೆಗೆಸಿ.

44. ಟವೆಲ್ ಹಂಚಿಕೊಳ್ಳುವ ಗೆಳೆತನ ಬೇಡ. 2003ರಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್ ತಂಡದಲ್ಲಿ ಔಷಧಿಗೆ ಬಗ್ಗದ ಚರ್ಮದ ಸೋಂಕು ಹಬ್ಬಿದಾಗ, ಕೃತಕ ಹುಲ್ಲು ತರಚಿದ ಜಾಗಗಳಲ್ಲೇ ಹುಣ್ಣಾಗಿತ್ತು. ತರಚಿದ್ದನ್ನು ತೊಳೆದು ಮುಚ್ಚಿ.

45. ಹುಡುಗ ಬಿದ್ದು ಕುತ್ತಿಗೆ ನೋವು, ಕೈಕಾಲು ಜೋಮು ಎಂದರೆ ಹೆಲ್ಮೆಟ್ ಎಳೆಯಲು ಹೋಗಬೇಡಿ, ಎತ್ತಿ ಕೂರಿಸಬೇಡಿ. ತಲೆ ಅಲುಗದಂತೆ ಹಿಡಿದು, ತರಬೇತಾದವರು ಬರುವವರೆಗೆ ಕಾಯಿರಿ.

ಯಾರೂ ಬೀಳದ ಫುಟ್‌ಬಾಲ್

46. ಕೆಡವುವುದೇ ಇಲ್ಲದ ಫುಟ್‌ಬಾಲ್ ಕೂಡ ಇದೆ! 'ಫ್ಲ್ಯಾಗ್ ಫುಟ್‌ಬಾಲ್'ನಲ್ಲಿ ಆಟಗಾರನ ಸೊಂಟಕ್ಕೆ ಎರಡು ಪಟ್ಟಿ ಇಳಿಬಿಟ್ಟಿರುತ್ತಾರೆ. ಅದನ್ನು ಕಿತ್ತರೆ ಆಯಿತು, ಕೆಡವಿದಂತೆಯೇ ಲೆಕ್ಕ. ಹೆಲ್ಮೆಟ್ಟೂ ಬೇಡ, ಭುಜಗವಚವೂ ಬೇಡ.

47. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಈ ಆಟ ಸೇರಿದ್ದು ಎಲ್ಲಿ ಗೊತ್ತೇ? ನಮ್ಮ ಮುಂಬಯಿಯಲ್ಲಿ! 2023ರ ಅಕ್ಟೋಬರ್ 16ರಂದು ಅಲ್ಲಿ ನಡೆದ ಒಲಿಂಪಿಕ್ ಸಮಿತಿಯ ಅಧಿವೇಶನ ಕ್ರಿಕೆಟ್ಟಿನ ಜೊತೆಗೇ ಇದಕ್ಕೂ ಒಪ್ಪಿಗೆ ಕೊಟ್ಟಿತು. ತಂಡಕ್ಕೆ ಐದು ಮಂದಿ. ಗಂಡಸರಿಗೂ ಉಂಟು, ಹೆಂಗಸರಿಗೂ ಉಂಟು.

48. ಈ ಆಟ ಬೆಳೆದದ್ದು ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ಸೇನಾ ಶಿಬಿರಗಳಲ್ಲಿ ಎನ್ನುತ್ತಾರೆ. ಯುದ್ಧಕ್ಕೆ ಹೊರಟ ಯೋಧ ಆಟದಲ್ಲಿ ಕಾಲು ಮುರಿದುಕೊಂಡರೆ ಹೇಗೆ ಎಂಬ ಚಿಂತೆ. ಬಂದೂಕು ಹೊತ್ತ ಗಟ್ಟಿಗರಿಗೇ ಬೇಕೆನಿಸಿದ ಆ ಸೊಂಟದ ಪಟ್ಟಿ, ಇನ್ನೂ ಹಾಲುಹಲ್ಲು ಬೀಳುತ್ತಿರುವ ಹುಡುಗನಿಗೆ ಕಟ್ಟಿದರೆ ಅವಮಾನವೇನಲ್ಲ.